ಹೋಟೆಲ್ ಗೇಟಿನ ಮುಂದಿನ ಫುಟ್‌ಪಾತ್ ಯಾರದು? ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಆಯುಕ್ತರು,
ಬೆಂಗಳೂರು ಕೇಂದ್ರ ನಗರ ಪಾಲಿಕೆ

ಮಾನ್ಯರೇ,

ಕಳೆದ ತಿಂಗಳು ಒಂದು ಶನಿವಾರ ಸಂಜೆ ಅಮ್ಮನ ಜೊತೆ ಬ್ರಿಗೇಡ್ ರಸ್ತೆ ಕಡೆಯಿಂದ ನಡೆದು ಬರುತ್ತಿದ್ದೆ. ಅವರಿಗೆ ಎಪ್ಪತ್ತೆರಡು ವರ್ಷ, ಮಂಡಿ ನೋವು, ಕೈಯಲ್ಲಿ ಕೋಲು. ಒಂದು ದೊಡ್ಡ ಹೋಟೆಲಿನ ಮುಂದೆ ಬರುವ ಹೊತ್ತಿಗೆ ಬೇಸ್‌ಮೆಂಟಿನಿಂದ ಕಾರೊಂದು ಮೂತಿ ಎತ್ತಿಕೊಂಡು ಮೇಲೆ ಬಂತು. ಗೇಟಿನಲ್ಲಿದ್ದ ಸೆಕ್ಯುರಿಟಿ ಹುಡುಗ ಸೀಟಿ ಊದಿದ್ದು ನಮಗೆ. "ಸ್ವಲ್ಪ ಹಿಂದೆ ಬನ್ನಿ ಅಮ್ಮಾ" ಎಂದು ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಒಳಗೆ ಹೋಗಬೇಕಿದ್ದ ಎರಡು ಕಾರುಗಳು ಬಂದು ಫುಟ್‌ಪಾತಿನ ಮೇಲೇ ನಿಂತವು. ಒಂದರ ಡಿಕ್ಕಿ ತೆರೆಸಿ ನೋಡುತ್ತಿದ್ದರು, ಇನ್ನೊಂದರ ಅಡಿಗೆ ಕನ್ನಡಿ ಹಿಡಿದಿದ್ದರು. ನಾವು ರಸ್ತೆಗಿಳಿದು ಅವನ್ನು ಬಳಸಿಕೊಂಡು ಬಂದೆವು. ಪಕ್ಕದಲ್ಲೇ ಬಸ್ಸು ಹಾದುಹೋದಾಗ ಅಮ್ಮ ನನ್ನ ತೋಳು ಹಿಡಿದ ಬಿಗಿ ಈಗಲೂ ನೆನಪಿದೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗೇಟನ್ನು ಅಲ್ಲಿಟ್ಟವನು ಅವನಲ್ಲ. ನಕ್ಷೆ ಬರೆದವರಿದ್ದಾರೆ, ಅದಕ್ಕೆ ಮಂಜೂರಾತಿ ಕೊಟ್ಟವರಿದ್ದಾರೆ. ಹಾಗಾಗಿ ಈ ಪತ್ರ ನಿಮಗೆ.

ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಯ ಈ ಭಾಗಕ್ಕೆ ಊರಿನ ಜನ ಸಂಜೆ ಕಳೆಯಲು ಬರುವುದು ಇವತ್ತಿನ ಮಾತಲ್ಲ. ಚಿತ್ರಮಂದಿರಗಳಲ್ಲಿ ಪ್ಲಾಜಾ ಹೋಯಿತು, ಗ್ಯಾಲಕ್ಸಿ ಹೋಯಿತು, 2018ರ ಕೊನೆಗೆ ರೆಕ್ಸ್ ಕೂಡ ಬಾಗಿಲು ಹಾಕಿತು. ಸಿನಿಮಾ ಹೋದರೂ ಜನ ಬರುವುದು ನಿಲ್ಲಲಿಲ್ಲ. ಊಟಕ್ಕೆ, ಪುಸ್ತಕಕ್ಕೆ, ಪಬ್ಬಿಗೆ, ಸುಮ್ಮನೆ ಅಡ್ಡಾಡುವುದಕ್ಕೆ ಬರುತ್ತಾರೆ. ಇಂಥ ಕಡೆ ತಂಗುವ ಹೋಟೆಲುಗಳು ಬರುವುದು ಸಹಜ, ಬರಲಿ. (ನಮ್ಮ ಮಾತಿನಲ್ಲಿ ಹೋಟೆಲ್ ಎಂದರೆ ಇಡ್ಲಿ ಕಾಫಿಯೂ ಆಗುತ್ತದೆ. ನಾನು ಹೇಳುತ್ತಿರುವುದು ರೂಮು, ಮದುವೆ ಹಾಲು, ರೂಫ್‌ಟಾಪ್ ಬಾರ್ ಇರುವಂಥವು.) ಅವು ಬೀದಿಗೆ ಹೇಗೆ ಬಂದು ಸೇರುತ್ತವೆ ಎನ್ನುವುದೇ ನನ್ನ ಚಿಂತೆ.

ನಕ್ಷೆ ನೋಡುವಾಗ ನಾವು ಕೇಳುವುದು ಎಷ್ಟು ಕಾರಿಗೆ ಜಾಗವಿದೆ ಎಂದು. ಬೇಸ್‌ಮೆಂಟಿನಲ್ಲಿ ಒಂದು ಕಾರಿಗೆ, ತಿರುಗುವ ದಾರಿಯೂ ಸೇರಿ, ಸುಮಾರು 32 ಚದರ ಮೀಟರ್ ಎಂದು ಯೋಜಕರು ಲೆಕ್ಕ ಹಿಡಿಯುತ್ತಾರೆ. ಹೆಚ್ಚುಕಡಿಮೆ 345 ಚದರಡಿ, ಅನೇಕ ಹೋಟೆಲ್ ರೂಮುಗಳಿಗಿಂತ ದೊಡ್ಡದು. ಇಷ್ಟು ಖರ್ಚು ಮಾಡಿ ಕೆಳಗೆ ಎರಡು ಮೂರು ಅಂತಸ್ತು ತೋಡಿದ ಮೇಲೂ ಬೀದಿಯಲ್ಲಿ ಕಾರು ನಿಲ್ಲುತ್ತದೆ ಎಂದರೆ ತೊಂದರೆ ಬೇರೆಲ್ಲೋ ಇದೆ. ನಾನು ಕಂಡಂತೆ ಅದು ಗೇಟಿನಲ್ಲಿದೆ.

2008ರ ಮುಂಬೈ ದಾಳಿಯ ನಂತರ ದೊಡ್ಡ ಹೋಟೆಲುಗಳಲ್ಲಿ ಪ್ರತಿ ಕಾರನ್ನೂ ತಪಾಸಣೆ ಮಾಡುವುದು ರೂಢಿಯಾಯಿತು. ಬೇಕಾದ್ದೇ. ಆದರೆ ಒಂದು ಕಾರಿಗೆ ಅರ್ಧ ನಿಮಿಷ ಹಿಡಿದರೂ, ಆರತಕ್ಷತೆಯ ಸಂಜೆ ಒಮ್ಮೆಗೇ ಐವತ್ತು ಕಾರು ಬಂದರೆ ಸಾಲು ಎಲ್ಲಿ ನಿಲ್ಲಬೇಕು? ಬ್ಯಾರಿಯರ್ ಕಾಂಪೌಂಡಿನ ಅಂಚಿನಲ್ಲೇ ಇದ್ದರೆ ಮೊದಲನೆಯದು ಫುಟ್‌ಪಾತಿನಲ್ಲಿ, ಉಳಿದವು ರಸ್ತೆಯಲ್ಲಿ. ಅದನ್ನೇ ಐದಾರು ಕಾರಿನ ಉದ್ದದಷ್ಟು ಒಳಗೆ ಸರಿಸಿದರೆ ಸಾಲು ಹೋಟೆಲಿನ ಜಾಗದಲ್ಲೇ ನಿಲ್ಲುತ್ತದೆ. ರ‍್ಯಾಂಪಿನದೂ ಇದೇ ಕಥೆ. ಏರಿನಲ್ಲಿ ಮೇಲೆ ಬರುವ ಚಾಲಕನಿಗೆ ಬಾನೆಟ್ಟಿನಾಚೆ ಕಾಣುವುದು ಆಕಾಶ, ಕೋಲೂರಿಕೊಂಡು ಬರುವ ಅಮ್ಮ ಕಾಣುವುದಿಲ್ಲ. ಫುಟ್‌ಪಾತಿಗೆ ಮೊದಲು ಒಂದು ಕಾರಿನುದ್ದ ಸಮತಟ್ಟು ನೆಲವಿರಲಿ. ಗೇಟಿನ ಮುಂದೆ ಫುಟ್‌ಪಾತನ್ನು ಕಡಿದು ಇಳಿಸುವುದು ಬೇಡ. ಅದು ಅದೇ ಎತ್ತರದಲ್ಲಿ, ಅದೇ ಕಲ್ಲಿನಲ್ಲಿ ಮುಂದುವರಿಯಲಿ, ಕಾರೇ ಹತ್ತಿ ಇಳಿಯಲಿ. ನಡೆಯುವವರಿಗೆ ಅಗಲ ಫುಟ್‌ಪಾತ್ ಬಿಟ್ಟು ಮರುರೂಪಿಸಿದ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಇದೇ ಊರು ಇದನ್ನು ಮಾಡಿ ತೋರಿಸಿದೆ.

ಇನ್ನು ವ್ಯಾಲೆ, ಅಂದರೆ ಅತಿಥಿಯ ಕಾರನ್ನು ಬೇರೆಯವರು ಒಯ್ದು ನಿಲ್ಲಿಸುವ ಏರ್ಪಾಡು. ಹೋಟೆಲಿನ ಮುಂದೆ ಕೀಲಿ ಕೊಟ್ಟವರು ಕಾರು ಬೇಸ್‌ಮೆಂಟಿಗೆ ಹೋಯಿತು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಹಿಂದಿನ ಗಲ್ಲಿಯಲ್ಲಿ ಯಾರದೋ ಮನೆ ಗೇಟಿಗೆ ಅಡ್ಡ ನಿಂತಿರುತ್ತದೆ. ವ್ಯಾಲೆ ನಡೆಸುವವರು ಕಾರು ನಿಲ್ಲಿಸುವ ಜಾಗ ಯಾವುದೆಂದು ಬರೆದುಕೊಡಬೇಕು ಎಂಬ ಷರತ್ತನ್ನು ಟ್ರೇಡ್ ಲೈಸೆನ್ಸಿಗೆ ಸೇರಿಸಿ. ಹಾಗೆಯೇ ಕೆಲಸಗಾರರ ಬೈಕುಗಳು. ಅಡುಗೆಯವರು, ಹೌಸ್‌ಕೀಪಿಂಗ್‌ನವರು, ಬಾರ್ ಹುಡುಗರು ಮನೆಗೆ ಹೊರಡುವುದು ರಾತ್ರಿ ಒಂದು ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಮೆಟ್ರೋ ಇಲ್ಲ, ಆಟೋಗೆ ಕೊಡುವಷ್ಟು ಸಂಬಳವೂ ಇಲ್ಲ, ಬೈಕು ತರದೆ ವಿಧಿಯಿಲ್ಲ. ಅತಿಥಿಗಳ ಕಾರಿಗೆ ಎರಡಂತಸ್ತು ತೋಡಿದ ಕಟ್ಟಡ ಇವರ ಬೈಕಿಗೆ ಒಂದು ಮೂಲೆ ಬಿಟ್ಟಿರುವುದಿಲ್ಲ. ಅವು ಹೊರಗೆ ಸಾಲಾಗಿ ನಿಲ್ಲುತ್ತವೆ, ದಂಡ ಬಿದ್ದರೆ ಒಂದೆರಡು ದಿನದ ದುಡಿಮೆ ಅಲ್ಲಿಗೇ ಹೋಯಿತು.

ಇನ್ನೊಂದು ಬಹುಮಹಡಿ ಪಾರ್ಕಿಂಗ್ ಕಟ್ಟಿಬಿಡೋಣ ಎಂಬ ಸಲಹೆ ನಿಮ್ಮ ಮುಂದೆ ಖಂಡಿತ ಬರುತ್ತದೆ. ಫ್ರೀಡಂ ಪಾರ್ಕ್ ಪಕ್ಕದ್ದನ್ನು ನೆನಪಿಸಿಕೊಳ್ಳಿ. ಐನೂರಕ್ಕೂ ಹೆಚ್ಚು ಕಾರು ಹಿಡಿಯುವ ಅದು ಕಟ್ಟಿ ಮುಗಿದ ಮೇಲೂ ಬಹಳ ಕಾಲ ಖಾಲಿ ಬಿದ್ದಿತ್ತು. ಅದರ ಬದಲು ಇರುವುದನ್ನೇ ಹಂಚಿಕೊಳ್ಳಬಹುದು. ಎಂ.ಜಿ. ರಸ್ತೆಯ ಕಚೇರಿ ಕಟ್ಟಡಗಳ ಬೇಸ್‌ಮೆಂಟ್ ಸಂಜೆ ಏಳರ ಮೇಲೆ ಬರಿದಾಗುತ್ತದೆ, ಹೋಟೆಲುಗಳಿಗೆ ಜಾಗ ಬೇಕಾಗುವುದು ಆಗಲೇ. ಒಪ್ಪಂದ ಮಾಡಿಸಿ, ದರ ಗೊತ್ತುಮಾಡಿ. ಪ್ರದೇಶವಾರು ಯೋಜನೆ ಮಾಡಬೇಕೆಂದು 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿ 2.0 ಹೇಳುತ್ತದೆ. ಅದನ್ನು ಇಲ್ಲಿಂದಲೇ ಶುರುಮಾಡಬಹುದು.

ಚರ್ಚ್ ಸ್ಟ್ರೀಟ್‌ಗೆ 2018ರಲ್ಲಿ ಕಲ್ಲು ಹಾಸಿದಾಗ, 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಸಂಚಾರ ನಿಲ್ಲಿಸಿದಾಗ, ಮಕ್ಕಳು ಆ ಬೀದಿಯ ನಡುವೆ ಓಡಾಡಿದ್ದನ್ನು ನಾನೇ ನೋಡಿದ್ದೇನೆ. ಅಮ್ಮ ಅಲ್ಲಿ ಯಾರ ತೋಳೂ ಹಿಡಿಯದೆ ಆ ತುದಿಯಿಂದ ಈ ತುದಿಗೆ ನಡೆದಿದ್ದರು.

ಈ ಭಾಗದಲ್ಲಿ ಮುಂದಿನ ಹೋಟೆಲಿನ ನಕ್ಷೆ ನಿಮ್ಮ ಮೇಜಿಗೆ ಬಂದಾಗ, ಕಾರುಗಳ ಸಂಖ್ಯೆ ಬರೆದ ಹಾಳೆಗಿಂತ ಮೊದಲು ಗೇಟಿನ ಹಾಳೆಯನ್ನು ತೆಗೆಸಿ ನೋಡಿ. ಈಗಾಗಲೇ ಕಟ್ಟಿರುವ ಕಡೆ ಬ್ಯಾರಿಯರನ್ನು ಒಳಗೆ ಸರಿಸಲು ಮೂರು ತಿಂಗಳ ಗಡುವು ಕೊಡಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಟೆಂಡರೂ ಬೇಡ.

ಇಂತಿ,
ಈ ಬೀದಿಗಳಲ್ಲಿ ದಿನವೂ ನಡೆಯುವ ಒಬ್ಬ ನಾಗರಿಕ