ಟಿಕೆಟ್ ರದ್ದು ಮಾಡಲ್ಲ ಅಪ್ಪಾ

ಮೈಂಜ್, ಜರ್ಮನಿ
ಶನಿವಾರ

ತೀರ್ಥರೂಪು ಅಪ್ಪನಿಗೆ ಸತೀಶ ಮಾಡುವ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ನಿಮ್ಮ ಕಾಗದ ನಿನ್ನೆ ಬಂತು. ನಾಲ್ಕು ಪುಟದಲ್ಲಿ ಮೂರೂವರೆ ಪುಟ ವಿಮಾನದ್ದೇ. ಕೊನೆಗೆ ಕೆಂಪು ಇಂಕಿನಲ್ಲಿ ‘ಅಮ್ಮನ ಟಿಕೆಟ್ ರದ್ದು ಮಾಡು’ ಅಂತ ಬರೆದು ಅಡಿಗೆರೆ ಬೇರೆ ಎಳೆದಿದ್ದೀರಿ. ಫೋನಿನಲ್ಲಿ ಹೇಳದೆ ಕಾಗದ ಹಾಕಿದ್ದೀರಿ ಅಂದರೆ ಅಮ್ಮನ ಕಿವಿಗೆ ಬೀಳಬಾರದು ಅಂತ ತಾನೇ? ಅದಕ್ಕೇ ನಾನೂ ಕಾಗದದಲ್ಲೇ ಉತ್ತರ ಬರೆದು ಅಂಗಡಿ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ತಪ್ಪು ನನ್ನದೇ. ವಿಮಾನ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸುವ ಆ ಆ್ಯಪನ್ನು ನಿಮ್ಮ ಫೋನಿಗೆ ಹಾಕಿಕೊಟ್ಟವನು ನಾನು. ರಘು ವಿಮಾನದಲ್ಲಿ ವಾಪಸ್ ಹೊರಟ ರಾತ್ರಿ ನೀವು ಅದನ್ನೇ ನೋಡುತ್ತಾ ಕೂತಿರಿ. ಕರಾವಳಿ ದಾಟಿ ಸ್ವಲ್ಪ ಹೊತ್ತಿಗೆ ಹಳದಿ ವಿಮಾನ ನಕ್ಷೆಯಿಂದ ಮಾಯವಾಯಿತು. ನೀವು ಬೆಳಗಿನವರೆಗೆ ಜಗಲಿಯಲ್ಲಿ ಓಡಾಡಿದಿರಿ. ರಘುವನ್ನು ಕೇಳಿದೆ. ಆ ಹೊತ್ತಿಗೆ ಅವನು ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದನಂತೆ.

ಅಪ್ಪಾ, ಆ ನಕ್ಷೆ ಆಕಾಶದಲ್ಲಿ ಯಾರೋ ಕೂತು ಬರೆಯುತ್ತಿರುವುದಲ್ಲ. ನನ್ನಂಥ ಸಾವಿರಾರು ಜನ ಮನೆ ಮೇಲೆ ಆಂಟೆನಾ ಕಟ್ಟಿ, ವಿಮಾನದ ಸಿಗ್ನಲ್ ಹಿಡಿದು ಕಳಿಸುವುದು. 1996ರ ವಿಶ್ವಕಪ್ ಹೊತ್ತಿಗೆ ಇಡೀ ಬೀದಿಗೆ ಆಂಟೆನಾ ಕಟ್ಟಿದವರು ನೀವು, ನಿಮಗೆ ಇದು ಬೇಗ ಅರ್ಥವಾಗುತ್ತದೆ.

ಹೆಚ್ಚುಕಡಿಮೆ ಪ್ರತಿ ಪ್ರಯಾಣಿಕರ ವಿಮಾನವೂ ತಾನು ಎಲ್ಲಿದ್ದೇನೆ, ಎಷ್ಟು ಎತ್ತರ, ಎಷ್ಟು ವೇಗ ಅಂತ 1090 ಮೆಗಾಹರ್ಟ್ಸ್ ರೇಡಿಯೋ ತರಂಗದಲ್ಲಿ ಕೂಗಿ ಹೇಳುತ್ತಿರುತ್ತದೆ. ಸೆಕೆಂಡಿಗೆ ಸುಮಾರು ಎರಡು ಸಲ. ಅದರಲ್ಲಿ ಗುಟ್ಟೇನೂ ಇಲ್ಲ. ಹಿಡಿಯುವುದಕ್ಕೆ ಒಂದು ಯುಎಸ್‌ಬಿ ಡಾಂಗಲ್ ಸಾಕು. ಅದನ್ನು ಮೊದಲು ಮಾಡಿದ್ದು ಕಂಪ್ಯೂಟರಿನಲ್ಲಿ ಟಿವಿ ನೋಡುವುದಕ್ಕೆ! ಅದನ್ನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಚುಚ್ಚಿದ್ದೇನೆ. ಅಂಗೈಯಗಲದ ಒಂದೇ ಬೋರ್ಡು. ಕರೆಂಟು ಎಷ್ಟು ತಿನ್ನುತ್ತದೆ ಅಂತ ನೀವು ಕೇಳೇ ಕೇಳುತ್ತೀರಿ. ಐದು ವಾಟ್ ಅಷ್ಟೇ. ಹಗಲು ರಾತ್ರಿ ಉರಿದರೂ ವರ್ಷಕ್ಕೆ 44 ಯೂನಿಟ್.

ಮೊದಲ ಆಂಟೆನಾ ನಾನೇ ಮಾಡಿದ್ದು. ತರಂಗದ ಉದ್ದ 27.5 ಸೆಂಟಿಮೀಟರ್, ಅದರ ಕಾಲು ಭಾಗ 6.9. ಅಷ್ಟುದ್ದದ ತಾಮ್ರದ ತಂತಿ ನಿಲ್ಲಿಸಿ, ಕೆಳಗೆ ನಾಲ್ಕು ಕಾಲು ಬೆಸುಗೆ ಹಾಕಿದೆ. ನೀವು ನೋಡಿದ್ದರೆ ಬೆಸುಗೆಗೆ ಬೈಯುತ್ತಿದ್ದಿರಿ. ಆಮೇಲೆ ಹತ್ತು ಮೀಟರ್ ತೆಳು ಕೇಬಲ್ ಎಳೆದು, ಅರ್ಧಕ್ಕರ್ಧ ವಿಮಾನ ಕಾಣದೆ ಹೋಗಿ, ನಿಮ್ಮ ಮಾತು ನೆನಪಾಯಿತು: ‘ಆಂಟೆನಾ ಎತ್ತರ ಇರಲಿ, ಕೇಬಲ್ ಗಿಡ್ಡ ಇರಲಿ.’ ಈಗ ಪೈ ಡಬ್ಬವನ್ನೇ ಬಾಲ್ಕನಿಗೆ ಸಾಗಿಸಿ, ಕೇಬಲ್ಲನ್ನು ಎರಡು ಮೀಟರಿಗೆ ಇಳಿಸಿದ್ದೇನೆ. ಪಕ್ಕದಲ್ಲೇ ಮೊಬೈಲ್ ಟವರ್ ಇದೆ, ಅದರ ಸಿಗ್ನಲ್ ತಡೆಯಲು ಒಂದು ಫಿಲ್ಟರ್. ನಡುವೆ ಸ್ಮಿತಾ ಕಸ ತೆಗೆಯುವ ಮೆಷಿನ್ನಿಗೆ ಅಂತ ಪ್ಲಗ್ ಎಳೆದು ಮೆಮೊರಿ ಕಾರ್ಡ್ ಕೆಟ್ಟುಹೋಯಿತು. ಆ ಜಗಳ ಬೇರೆ ಕಾಗದಕ್ಕೆ.

ಇಲ್ಲಿಯವರ ಕಥೆ ಕೇಳಿ. ಬಾಲ್ಕನಿಗೆ ಪೈಪ್ ನಿಲ್ಲಿಸಲು ಒಂದು ಭಾನುವಾರ ಡ್ರಿಲ್ ಹಿಡಿದೆ. ಎರಡೇ ನಿಮಿಷಕ್ಕೆ ಕೆಳಮನೆಯ ಅಜ್ಜ ಬಂದು ಬೆಲ್ ಒತ್ತಿದರು. ಭಾನುವಾರ ಇಲ್ಲಿ ಗೋಡೆ ಕೊರೆಯುವ ಹಾಗಿಲ್ಲ, ಗಾಜಿನ ಬಾಟಲಿ ಕಸದ ತೊಟ್ಟಿಗೆ ಹಾಕುವ ಹಾಗೂ ಇಲ್ಲ, ಸದ್ದಾಗುತ್ತದೆ ಅಂತ! ವಿಮಾನಕ್ಕೂ ಅದೇ ಶಿಸ್ತು. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಹಾರಾಟ ಇಟ್ಟುಕೊಳ್ಳುವುದಿಲ್ಲ. ಜನ ಮಲಗಬೇಕಂತೆ. ಆ ಅಜ್ಜ ಮಾತ್ರ ಈಗ ದಿನಾ ಸಂಜೆ ಬಂದು ನನ್ನ ನಕ್ಷೆ ನೋಡುತ್ತಾರೆ. ಯಾವ ವಿಮಾನ ಯಾವ ದೇಶದ್ದು ಅಂತ ಅದು ಕೂಗುವ ಗುರುತಿನ ನಂಬರಿನಿಂದಲೇ ಹೇಳುತ್ತೇನೆ. ಜರ್ಮನಿಯದು ಹೆಚ್ಚಾಗಿ 3ಸಿ ಅಂತ ಶುರುವಾಗುತ್ತದೆ, ನಮ್ಮದು 80 ಅಂತ. 80 ಬಂದರೆ ಅವರೇ ನನ್ನನ್ನು ಕೂಗುತ್ತಾರೆ.

ಈಗ ನಿಮ್ಮ ಚಿಂತೆಗೆ ಬರುತ್ತೇನೆ. ಭೂಮಿ ಗುಂಡಗಿದೆ. 35,000 ಅಡಿ ಮೇಲಿರುವ ವಿಮಾನವೂ ಸುಮಾರು 400 ಕಿ.ಮೀ. ಆಚೆ ಹೋದರೆ ಆಂಟೆನಾಕ್ಕೆ ಸಿಗುವುದಿಲ್ಲ. ಗುಡ್ಡದ ಆಚೆ ಹೋದ ಬಸ್ಸಿನ ಹಾಗೆ. ಅರಬ್ಬಿ ಸಮುದ್ರದ ನಡುವೆ ಆಂಟೆನಾ ಕಟ್ಟುವುದಕ್ಕೆ ಯಾರ ಮನೆ ಇದೆ ಹೇಳಿ? ಅಲ್ಲಿ ಯಾರೂ ಹಿಡಿಯುವವರಿಲ್ಲ, ಅದಕ್ಕೇ ನಕ್ಷೆ ಖಾಲಿ. ವಿಮಾನ ಕೂಗುತ್ತಲೇ ಇರುತ್ತದೆ. ಆಚೆ ದಡ ಹತ್ತಿರವಾದ ಮೇಲೆ ಮತ್ತೆ ಕಾಣುತ್ತದೆ.

ಕಾಣೆಯಾದ ಮಲೇಷ್ಯಾ ವಿಮಾನದ ಮಾತು ಎತ್ತಿದ್ದೀರಿ. ಅದು 2014ರದ್ದು. ಅಲ್ಲಿ ಕೂಗುವ ಯಂತ್ರವೇ ನಿಂತುಹೋಗಿತ್ತು. ಆಮೇಲೆ ನಿಯಮ ಬಿಗಿ ಮಾಡಿದರು. 2018ರ ನವೆಂಬರ್‌ನಿಂದ, ದೊಡ್ಡ ವಿಮಾನ ಸಮುದ್ರದ ಮೇಲಿದ್ದರೂ ಎಲ್ಲಿದೆ ಅಂತ ಅದರ ಕಂಪನಿಗೆ 15 ನಿಮಿಷಕ್ಕೊಮ್ಮೆಯಾದರೂ ಗೊತ್ತಿರಬೇಕು. ಉಪಗ್ರಹದಿಂದಲೂ ಇದೇ ಕೂಗನ್ನು ಹಿಡಿಯುತ್ತಾರೆ. ಅದಕ್ಕೆ ಜಾಸ್ತಿ ದುಡ್ಡು, ಹಾಗಾಗಿ ನಮ್ಮ ನಿಮ್ಮ ನಕ್ಷೆಗೆ ಅದೆಲ್ಲ ಬರುವುದಿಲ್ಲ, ಅಷ್ಟೇ. ನಮಗೆ ಕಾಣದಿದ್ದರೂ ಕಾಣಬೇಕಾದವರಿಗೆ ಕಾಣುತ್ತದೆ.

ಇನ್ನೊಂದು. ಕೆಲವೊಮ್ಮೆ ವಿಮಾನ ಇದ್ದಕ್ಕಿದ್ದ ಹಾಗೆ ಹಾರಿ ಬೈರೂತ್ ನಿಲ್ದಾಣದಲ್ಲಿ ನಿಂತ ಹಾಗೆ ತೋರಿಸಬಹುದು. ಯುದ್ಧ ನಡೆಯುವ ಕಡೆ ಜಿಪಿಎಸ್ ಕೆಡಿಸುತ್ತಾರೆ. ವಿಮಾನ ಜಿಪಿಎಸ್ ನೋಡಿಯೇ ತನ್ನ ಜಾಗ ಹೇಳುವುದರಿಂದ ನಕ್ಷೆಗೆ ಸುಳ್ಳು ಬೀಳುತ್ತದೆ. ಪೈಲಟ್ ಹತ್ತಿರ ದಾರಿ ತಿಳಿಯಲು ಬೇರೆ ಯಂತ್ರಗಳೂ ಇರುತ್ತವೆ. ಇದನ್ನು ಬರೆಯಬಾರದಿತ್ತೇನೋ. ಬರೆದಾಯಿತು. ದಯವಿಟ್ಟು ಇದಕ್ಕೆ ಇನ್ನೊಂದು ಕಾಗದ ಬರೆಯಬೇಡಿ. ಏನೂ ಆಗಲ್ಲ. ನಿಜವಾಗಿ ಏನೂ ಆಗಲ್ಲ.

ಸ್ಮಿತಾಳ ಬಾಣಂತನಕ್ಕೆ ಅಮ್ಮ ಬರಲೇಬೇಕು ಅಪ್ಪಾ. ಅವಳ ತಾಯಿಗೆ ಮಂಡಿ ಆಪರೇಷನ್ ಆಗಿದೆ, ಅವರು ಬರುವ ಹಾಗಿಲ್ಲ. ಇಲ್ಲಿ ಮನೆಗೇ ಬಂದು ತಾಯಿ ಮಗುವನ್ನು ನೋಡುವ ಸೂಲಗಿತ್ತಿಯರಿದ್ದಾರೆ, ಒಳ್ಳೆಯವರು. ಆದರೆ ಅವರು ಅರ್ಧ ಗಂಟೆ ಇದ್ದು ಹೋಗುತ್ತಾರೆ. ಸ್ಮಿತಾ ಹೊರಗೆ ಧೈರ್ಯವಾಗಿದ್ದಾಳೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಎದ್ದು, ಅತ್ತೆ ಬರುತ್ತಾರೆ ತಾನೇ ಅಂತ ಕೇಳಿದಳು. ನಿಮ್ಮ ಕಾಗದ ಅವಳಿಗೆ ತೋರಿಸಿಲ್ಲ.

ಎಲ್ಲ ವ್ಯವಸ್ಥೆ ಆಗಿದೆ. ಎಲ್ಲೂ ಇಳಿದು ಹತ್ತುವುದಿಲ್ಲ, ಬೆಂಗಳೂರಿನಿಂದ ನೇರ ಫ್ರಾಂಕ್‌ಫರ್ಟ್. ಲುಫ್ತಾನ್ಸಾ 755, ಬೆಳಗಿನ ಜಾವ. ವೀಲ್‌ಚೇರ್ ಹೇಳಿದ್ದೇನೆ, ಬಾಗಿಲಿನಿಂದ ಬಾಗಿಲಿಗೆ ಅವರೇ ಕರೆತರುತ್ತಾರೆ. ‘ನಾನೇನು ಕುಂಟಿಯಾ’ ಅಂತ ಅಮ್ಮ ಕೂಗಾಡಿದರೆ, ದಾರಿ ತಪ್ಪದಿರಲಿ ಅಂತ ಹಾಗೆ ಮಾಡಿದ್ದು ಅನ್ನಿ. ಸಕ್ಕರೆ ಕಾಯಿಲೆ ಮಾತ್ರೆ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗೆ. ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಗೆ. ತುಪ್ಪ ಮಾತ್ರ ಬೇಡ. ಹಾಲಿನ ಪದಾರ್ಥ ಹೊರಗಿನಿಂದ ತರುವುದಕ್ಕೆ ಇಲ್ಲಿ ಬಿಡುವುದಿಲ್ಲ. ಇದನ್ನು ಅಮ್ಮನಿಗೆ ನೀವೇ ಹೇಳಿ, ನನಗೆ ಧೈರ್ಯ ಇಲ್ಲ. ಅಂಟು ತರಲಿ, ಬೆಣ್ಣೆ ಇಲ್ಲೇ ಕಾಯಿಸೋಣ, ಉಂಡೆ ಇಲ್ಲೇ ಕಟ್ಟಲಿ.

ನನ್ನ ಬಾಲ್ಕನಿ ಪೂರ್ವಕ್ಕಿದೆ. ಪಶ್ಚಿಮಕ್ಕೆ ಗೋಡೆ, ಆ ಕಡೆ 40 ಕಿ.ಮೀ. ದಾಟಿದರೆ ಏನೂ ಕಾಣಲ್ಲ. ಪೂರ್ವಕ್ಕೆ 280 ಕಿ.ಮೀ.ವರೆಗೆ ಸಿಗುತ್ತದೆ, ಅಮ್ಮ ಬರುವುದು ಆ ಕಡೆಯಿಂದಲೇ. ಇಳಿಯುವ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ನನ್ನ ಆಂಟೆನಾಕ್ಕೆ ಬೀಳುತ್ತದೆ. ನಾನು ಆಗಲೇ ನಿಲ್ದಾಣದಲ್ಲಿರುತ್ತೇನೆ, ಸ್ಮಿತಾ ಮನೆಯಲ್ಲಿ ಕೂತು ನೋಡುತ್ತಾಳೆ. ಕಂಡ ತಕ್ಷಣ ನಿಮಗೆ ಫೋನ್ ಮಾಡುತ್ತಾಳೆ. ಯಾರದೋ ನಕ್ಷೆ ನೋಡಿ ಹೇಳುವುದಲ್ಲ, ನಮ್ಮ ಮನೆ ಆಂಟೆನಾ ಕೇಳಿದ್ದು.

ಅಲ್ಲಿಯವರೆಗೆ ನೀವು ನಕ್ಷೆ ನೋಡಬೇಡಿ. ನೋಡಲೇಬೇಕು ಅನಿಸಿದರೆ ಸಮುದ್ರ ಬಂದಾಗ ಫೋನ್ ಬದಿಗಿಟ್ಟು ಮಲಗಿ. ಗೀತಕ್ಕನಿಗೆ ಆ ರಾತ್ರಿ ಮನೆಗೆ ಬಂದಿರಲು ಹೇಳಿದ್ದೇನೆ. ಅವಳ ಹತ್ತಿರ ಬೈಸಿಕೊಳ್ಳಬೇಡಿ.

ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಕೆಳಗೆ ಓಡಬೇಕು. ಬಿ.ಪಿ. ಮಾತ್ರೆ ಬಿಡಬೇಡಿ. ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಮಗ
ಸತೀಶ

ಮರೆತಿದ್ದೆ: ಅಂಗಡಿಯಲ್ಲಿದ್ದ ನಿಮ್ಮ ಹಳೇ ಸೋಲ್ಡರಿಂಗ್ ಕಡ್ಡಿ ಅಮ್ಮನ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿ. ಇಲ್ಲಿಯದು ಕೈಗೆ ಕೂರುತ್ತಿಲ್ಲ.