ಫ್ಲೆಕ್ಸ್ ನೋಡಿ ಮೊಸಳೆ ಹೆದರುತ್ತದೆಯೇ?

ಮಾನ್ಯ ಸಂಪಾದಕರೇ,

ನಮ್ಮ ತುಂಗಾ ಹೊಳೆಯಲ್ಲಿ ಮೊಸಳೆ ಕಾಣಿಸಿದ್ದು, ಈಜುತ್ತಿದ್ದ ಹುಡುಗರು ಬಟ್ಟೆ ಬಿಟ್ಟು ಓಡಿದ್ದು ನಿಮ್ಮ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಾಗಿದೆ. ಪಕ್ಕದಲ್ಲೇ ಆಸ್ಟ್ರೇಲಿಯಾದ ಶಾರ್ಕ್ ಬಗ್ಗೆ ಅರ್ಧ ಪುಟ! ಶಿವಮೊಗ್ಗಕ್ಕೆ ಸಮುದ್ರ ಯಾವಾಗ ಬಂತೋ ಗೊತ್ತಾಗಲಿಲ್ಲ. ಇರಲಿ, ಓದಿದೆ. ಹೊಟ್ಟೆ ಉರಿಯಿತು.

ಸಿಡ್ನಿ ಕಡೆ 1937ರಿಂದಲೇ ಬೀಚುಗಳಿಗೆ ಬಲೆ ಹಾಕುತ್ತಾ ಬಂದಿದ್ದಾರೆ. ಅದಕ್ಕೆ ಆಮೆ, ಡಾಲ್ಫಿನ್ ಸಿಕ್ಕಿ ಸಾಯುತ್ತವೆ ಅಂತ ಜಗಳ ಬೇರೆ. 2014ರಲ್ಲಿ ಪರ್ತ್ ಕಡೆ ಗಾಳ ಹಾಕಿ ದೊಡ್ಡ ಶಾರ್ಕ್ ಕೊಲ್ಲಲು ಹೊರಟಾಗ ಜನ ಬೀಚಿಗೇ ಬಂದು ಗಲಾಟೆ ಮಾಡಿದರು, ಅದು ನಿಂತೇ ಹೋಯಿತು. ಈಗ ಡ್ರೋನ್ ಹಾರಿಸಿ ಕಾಯುತ್ತಾರೆ. ಸರಿಯೋ ತಪ್ಪೋ, ಏನೋ ಒಂದು ಮಾಡುತ್ತಾರೆ, ಅಲ್ವಾ?

ನಮ್ಮವರು ಹೊಳೆಗೆ ಇಳಿಯುವ ಮೆಟ್ಟಿಲಿಗೆ ಅಡ್ಡ ಟೇಪ್ ಕಟ್ಟಿದರು. ಆಮೇಲೆ ಒಂದು ಫ್ಲೆಕ್ಸ್. ಅದರಲ್ಲಿ ಮುಖಂಡರ ಮುಖಗಳೇ ಜಾಸ್ತಿ. ಮೊಸಳೆ ಕೆಳಗಿನ ಮೂಲೆಯಲ್ಲಿ, ಅಂಚೆ ಚೀಟಿಯಷ್ಟು. ಅದರ ಮೂತಿಗೇ ಮೊಳೆ ಹೊಡೆದಿದ್ದಾರೆ!

ನನಗೆ ಸಕ್ಕರೆ ಕಾಯಿಲೆ. ಬೆಳಗಿನ ಈಜು ಬಂದ್ ಆಯಿತು. ಹೋಗಲಿ ಅಂದರೆ ತಂದೆಯವರ ತಿಥಿ ಬಂತು. ಪಿಂಡ ಬಿಡಲು ಹೋದರೆ ಕಾವಲಿನವನು 'ಪರ್ಮಿಷನ್ ಲೆಟರ್ ಇದ್ಯಾ?' ಅಂದ. ಭಟ್ಟರಿಗೆ ಇನ್ನೊಂದು ಮನೆಗೆ ಹೊತ್ತಾಗಿತ್ತು. ಒದ್ದೆ ಪಂಚೆಯಲ್ಲೇ ಆಟೋ ಹತ್ತಿ ತುಂಗಾ-ಭದ್ರಾ ಸೇರುವ ಕೂಡಲಿಗೆ ಹೋದೆವು. ಆಟೋದವನು 'ಅಲ್ಲೂ ಮೊಸಳೆ ಇದೆ ಸಾರ್, ಟೇಪ್ ಇಲ್ಲ ಅಷ್ಟೇ' ಅಂದ. ಬಾಡಿಗೆ ಮಾತ್ರ ಡಬಲ್.

ಫೋನ್ ಮಾಡಿದೆ. ಒಂದು ಕಚೇರಿಯವರು 'ನೀರಲ್ಲಿದ್ದರೆ ನಮ್ಮದಲ್ಲ' ಅಂದರು. ಇನ್ನೊಂದು ಕಚೇರಿಯವರು 'ದಡಕ್ಕೆ ಬಂದರೆ ನಮ್ಮದಲ್ಲ' ಅಂದರು. ಪಾಪ, ಮೊಸಳೆಗೆ ಎರಡೂ ಕಡೆ ಇರಲು ಬರುತ್ತದೆ.

ಅದನ್ನು ಕೊಲ್ಲಿ ಅಂತ ನಾನು ಹೇಳುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ ನನಗೂ ಗೊತ್ತು. ಹಿಡಿದು ದೂರ ಬಿಟ್ಟರೂ ನಂಬುವ ಹಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಹಾಗೆ ಸಾಗಿಸಿದ ಮೊಸಳೆಗಳು ಈಜಿಕೊಂಡು ಹಳೇ ಜಾಗಕ್ಕೇ ಬಂದಿವೆ. ಆದರೆ ರಾತ್ರಿಯಾದರೆ ಸೇತುವೆ ಮೇಲಿಂದ ಕೋಳಿ ಅಂಗಡಿಯ ಮೂಟೆಗಳು ದೊಪ್ಪನೆ ಬೀಳುತ್ತವಲ್ಲ, ಅದು ಯಾರ ಕಣ್ಣಿಗೂ ಬಿದ್ದಿಲ್ಲವೇ? ಬೆಳಿಗ್ಗೆ ಮೆಟ್ಟಿಲ ತುಂಬಾ ಪುಕ್ಕ, ಕರುಳು. ದಿನಾ ಊಟ ಹಾಕಿದರೆ ಯಾರು ತಾನೇ ಬರುವುದಿಲ್ಲ? ಚರಂಡಿ ನೀರು ಹೊಳೆಗೆ ಬಿಡಬೇಡಿ ಅಂತ ವರ್ಷಗಳಿಂದ ಬರೆದು ಕೈ ಸೋತಿದೆ. ಮಂಗಗಳು ಹೆಂಚು ಕಿತ್ತಿದ್ದಕ್ಕೆ ಕೊಟ್ಟ ಅರ್ಜಿ ಎಲ್ಲಿದೆಯೋ, ಅದನ್ನೂ ಮಂಗವೇ ಒಯ್ದಿರಬೇಕು. ಮಳೆಗಾಲದಲ್ಲಿ ಹೊಳೆಯಲ್ಲಿರುವ ಕೋರ್ಪಲಯ್ಯನ ಮಂಟಪ ಮುಳುಗಿದರೆ ಮಾತ್ರ ಬಾಗಿನ, ಫೋಟೊ ಅಂತ ಎಲ್ಲರೂ ಹಾಜರ್.

ಸಾಹೇಬರು ಮೊಸಳೆಯನ್ನು ಹಿಡಿಯುತ್ತಾರೋ, ಮೂಟೆ ಎಸೆಯುವವರನ್ನು ಹಿಡಿಯುತ್ತಾರೋ, ಬೇಗ ಹೇಳಲಿ. ನೀರಿಗೆ ಇಳಿಯಬೇಕೋ ಬೇಡವೋ ಅದನ್ನೂ ಹೇಳಲಿ. ಟೇಪ್ ಬಿಚ್ಚಲಿ, ಇಲ್ಲವೇ ಗಟ್ಟಿ ಬೇಲಿ ಹಾಕಲಿ. ಸುಮ್ನೆ ಕೂತು ಸಂಬಳ ಎಣಿಸಿದ್ದು ಸಾಕು. ಹಾಗೇ ಆ ಮೆಟ್ಟಿಲ ಹತ್ತಿರದ ಲೈಟನ್ನೂ ಸರಿ ಮಾಡಿಸಲಿ, ದೀಪಾವಳಿಯಿಂದ ಉರಿಯುತ್ತಿಲ್ಲ.

– ಹೊಳೆ ದಂಡೆಯ ನಿವಾಸಿ, ಶಿವಮೊಗ್ಗ