ಲ್ಯಾಟಿನ್ ಒಂದೇ ಆಯಿತಲ್ಲ ಎಂಬ ನಿನ್ನ ಭಯ

ಪ್ರೀತಿಯ ಪುಟ್ಟಿ,

ಯುರೋಪಿನ ಹಳೆಯ ವ್ಯಾಕರಣಕಾರರ ಮೇಲಿನ ನಿನ್ನ ಸಂಶೋಧನೆಯ ಬಗ್ಗೆ ಬರೆದ ಪತ್ರದ ಕೊನೆಯ ಸಾಲು ರಾತ್ರಿಯೆಲ್ಲ ಕಾಡಿತು. ‘ಇವರೆಲ್ಲ ಲ್ಯಾಟಿನ್ನನ್ನೇ ಜಗತ್ತು ಅಂದುಕೊಂಡಿದ್ದರು ದೊಡ್ಡಪ್ಪ, ಎರಡು ವರ್ಷ ಸುಮ್ನೆ ಕಳೆದೆನಾ?’

ಸುಮ್ನೆ ಅಲ್ಲ ಮಗಳೇ. ಆದರೆ ನಿನ್ನ ಭಯ ಸುಳ್ಳು ಅಂತಲೂ ಹೇಳಲಾರೆ. 1300ರ ಸುಮಾರಿನ ವ್ಯಾಕರಣಕಾರ, ಜರ್ಮನಿಯ ಎರ್ಫರ್ಟಿನ ಥಾಮಸ್‌ನನ್ನೇ ನೋಡು. ವಸ್ತು ಇರುವ ರೀತಿ, ಮನಸ್ಸು ಅದನ್ನು ತಿಳಿಯುವ ರೀತಿ, ಪದ ಅದನ್ನು ಸೂಚಿಸುವ ರೀತಿ, ಈ ಮೂರೂ ಒಂದಕ್ಕೊಂದು ಹೊಂದುತ್ತವೆ ಅನ್ನುತ್ತಾನೆ. ಜಗತ್ತು ಎಲ್ಲರಿಗೂ ಒಂದೇ, ಅದಕ್ಕೇ ವ್ಯಾಕರಣವೂ ಒಂದೇ. ಉದಾಹರಣೆ ಮಾತ್ರ ಎಲ್ಲ ಲ್ಯಾಟಿನ್ನಿನವು. ಅವನ ‘ಕಪ್ಪಾ ಕ್ಯಾಟಗೋರಿಕಾ’ ಅನ್ನುವ ಉದಾಹರಣೆ ನನಗೆ ಬಹಳ ಇಷ್ಟ. ‘ಕ್ಯಾಟಗೋರಿಕಾ’ ಅನ್ನುವ ತರ್ಕಶಾಸ್ತ್ರದ ಪದವನ್ನು ತಂದು ‘ಕಪ್ಪಾ’ಕ್ಕೆ, ಅಂದರೆ ನಿಲುವಂಗಿಗೆ, ಅಂಟಿಸಿದ್ದಾನೆ. ಅರ್ಥ ಕೂಡುವುದಿಲ್ಲ. ಆದರೂ ‘ಕಪ್ಪಾ ನಿಗ್ರಾ’, ಅಂದರೆ ಕಪ್ಪು ನಿಲುವಂಗಿ, ಎಷ್ಟು ಸರಿಯೋ ವ್ಯಾಕರಣಕ್ಕೆ ಇದೂ ಅಷ್ಟೇ ಸರಿ.

ಸ್ಪೇನಿನ ಸಲಮಾಂಕಾದ ಸಾಂಕ್ಟಿಯಸ್ 1587ರ ‘ಮಿನರ್ವಾ’ ಅನ್ನುವ ತನ್ನ ಲ್ಯಾಟಿನ್ ವ್ಯಾಕರಣದಲ್ಲಿ ಬೇರೆ ದಾರಿ ಹಿಡಿದ. ಥಾಮಸ್ ತಾನೇ ವಾಕ್ಯ ಕಟ್ಟುತ್ತಿದ್ದ. ಇವನು ಹಳೆಯ ರೋಮನ್ ಲೇಖಕರ ಸಾಲುಗಳನ್ನು ಎದುರಿಗಿಟ್ಟುಕೊಂಡು, ಇಲ್ಲಿ ಯಾವ ಪದ ಬಿಟ್ಟುಹೋಗಿದೆ ಅಂತ ಹುಡುಕುತ್ತಾನೆ. ‘ಬದುಕುತ್ತೇನೆ’ ಅಂದರೆ ಅದರೊಳಗೆ ‘ಬದುಕನ್ನು’ ಅನ್ನುವುದು ಅಡಗಿದೆ. ಜಗತ್ತಿನ ಆಸರೆ ಬಿಟ್ಟು ವಾಕ್ಯದೊಳಗಿನ ಕಾರಣಕ್ಕೆ ಬಂದ, ಅಲ್ವಾ? ನಿನ್ನ ಎರಡು ವರ್ಷದ ಬೆಲೆ ಇರುವುದು ಅಲ್ಲೇ ಅಂತ ನನಗನಿಸುತ್ತದೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಮೇಷ್ಟ್ರಾಗಿದ್ದಾಗ ಪಂಚಮಿ ವಿಭಕ್ತಿಗೆ ‘ಮರದ ದೆಸೆಯಿಂದ’ ಅಂತ ಬಾಯಿಪಾಠ ಮಾಡಿಸುತ್ತಿದ್ದೆ. ಒಬ್ಬ ಹುಡುಗ ‘ಮರದಿಂದ’ ಅಂತಲೇ ಬರೆದಿದ್ದ. ಕೇಳಿದರೆ, ‘ನಮ್ಮನೇಲಿ ಯಾರೂ ದೆಸೆಯಿಂದ ಅನ್ನಲ್ಲ ಸಾರ್’ ಅಂದ. ಅರ್ಧ ಅಂಕ ಕಳೆದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಕೂರಿಸುವುದನ್ನು ನಮ್ಮ ಕೇಶಿರಾಜನೂ 1260ರ ಸುಮಾರಿಗೆ ಮಾಡಿದ್ದ. ಆದರೆ ಅವನು ಕನ್ನಡಕ್ಕೆ ಕಿವಿಯನ್ನೂ ಕೊಟ್ಟಿದ್ದ. ನಾನು ಎದುರಿಗೆ ನಿಂತ ಹುಡುಗನ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಆ ಕೆಂಪು ಗೆರೆ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ನಿನಗೆ ಗೈಡ್ ಇದ್ದಾರೆ, ನಾನು ಹೇಳಿದ್ದು ಜಾಸ್ತಿ ಆದರೆ ಬಿಡು. ಹದಿಮೂರನೇ ಶತಮಾನದ ಇಂಗ್ಲೆಂಡಿನ ವಿದ್ವಾಂಸ ರೋಜರ್ ಬೇಕನ್‌ನನ್ನು ಇನ್ನೊಮ್ಮೆ ಓದಬಹುದೇನೋ. ವ್ಯಾಕರಣ ತಿರುಳಿನಲ್ಲಿ ಎಲ್ಲ ಭಾಷೆಗೂ ಒಂದೇ ಅಂದವನು ಅವನೇ, ಗ್ರೀಕ್ ವ್ಯಾಕರಣ ಬರೆದವನೂ ಅವನೇ. ಅವನಿಗೆ ಲ್ಯಾಟಿನ್ ಒಂದೇ ಆಗಿರಲಿಲ್ಲ.

ಮತ್ತೆ, ನನಗೆ ಬರೆದ ಆ ಕೊನೆಯ ಸಾಲನ್ನು ನಿನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಹಾಗೇ ಇಡಬಾರದಾ? ಇಟ್ಟರೆ ಆ ಪುಟ ನನಗೂ ಕಳಿಸು.

ನಿನ್ನ ದೊಡ್ಡಪ್ಪ